ಬೀಳಗಿಯಲ್ಲಿ ಸಿಕ್ಕ ಹಳೇ ಡಿಸ್ಕ್

ಬನಹಟ್ಟಿಯ ಅಂಜನಾ ಸೀರೆಯ ದಡಿಗೆ ಡಿಸೈನ್ ಬರೆಯುವವಳು. ವಯಸ್ಸು ಐವತ್ತೊಂದು. ಈಗ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾಳಾದರೂ ಮೂವತ್ತು ವರ್ಷದ ಹಿಂದೆ ಕೊಂಡ ಮೊದಲ ಕಂಪ್ಯೂಟರನ್ನು ಗುಜರಿಗೆ ಕೊಟ್ಟಿರಲಿಲ್ಲ. ಹರೆಯದಲ್ಲಿ ಬರೆದ ದಡಿಗಳೆಲ್ಲ ಹನ್ನೊಂದು ಫ್ಲಾಪಿಗಳಲ್ಲಿದ್ದವು. ಅವು ತೆರೆಯುತ್ತಿದ್ದದ್ದು ಆ ಹಳೇ ಕಂಪ್ಯೂಟರೊಂದರಲ್ಲೇ. ಯುಗಾದಿ ಮುಗಿದ ವಾರ ಅದರ ಹಾರ್ಡ್ ಡಿಸ್ಕ್ ಕರಕರ ಅಂದು ನಿಂತುಬಿಟ್ಟಿತು.

ಜಮಖಂಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಯಲ್ಲಾಲಿಂಗ ನಕ್ಕ. "ಐನೂರು ಎಂಬಿ ಒಳಗಿನ ಡಿಸ್ಕ್ ಬೇಕೇನ್ರಿ ಅಕ್ಕಾರ? ಈಗ ಒಂದ ಮದಿವಿ ವಿಡಿಯೋನೂ ಅದರಾಗ ಹಿಡಿಯಂಗಿಲ್ಲ."

"ದೊಡ್ಡದು ಹಾಕಿದ್ರ ನನ್ನ ಮಶೀನ್ ಗುರ್ತಽ ಹಿಡಿಯಂಗಿಲ್ಲಪಾ."

ಅವನು ಸ್ವಲ್ಪ ಯೋಚಿಸಿ ಬೀಳಗಿಯ ಅಂದಾನೆಪ್ಪನವರ ಹೆಸರು ಹೇಳಿದ. ತಹಶೀಲ್ದಾರ ಕಚೇರಿ ಎದುರು ಹಿಂದೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದವರು, ಹಳೇ ಸಾಮಾನು ಒಂದನ್ನೂ ಬಿಸಾಕಿದವರಲ್ಲ ಅಂದ.

ಮರುದಿನ ಅಂಜನಾ ಬಸ್ಸು ಹತ್ತಿದಳು. ಎಪ್ಪತ್ತು ದಾಟಿದ ಅಂದಾನೆಪ್ಪ ಅವಳಿಗೆ ಚಹಾ ಕೊಟ್ಟು, ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಹೊದಿಕೆ ತೆಗೆದರು.

"ಮುನ್ನೂರಾ ನಲವತ್ತು ಎಂಬಿ. ಚಾಲೂ ಐತೋ ಇಲ್ಲೋ, ನೀನಽ ನೋಡಿ ತಗೋ ತಂಗಿ."

ಡಿಸ್ಕ್ ಒಮ್ಮೆ ಗುಂಯ್ ಅಂದು ತಿರುಗಿತು. ಪರದೆಯ ಮೇಲೆ ಫೈಲುಗಳ ಸಾಲು ಮೂಡಿತು. ಎಲ್ಲಕ್ಕೂ ಮನೆ ನಂಬರುಗಳೇ ಹೆಸರು. ಅಂಜನಾ ಒಂದನ್ನು ತೆರೆದಳು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಪರಿಹಾರದ ಅರ್ಜಿ ಅದು: ಕೋಣೆ ಎಷ್ಟು, ಗೋಡೆ ಎಂಥದು, ಗಿಡ ಎಷ್ಟು. ಅದರ ಕೆಳಗೆ ಇನ್ನೂ ನಾಲ್ಕು ಸಾಲು. 'ಈ ಮನಿ ಕಟ್ಟಿ ಮ್ಯಾಲ ಕುಂತು ಊರಾಗಿನ ಎಲ್ಲಾ ಹೆಣ್ಮಕ್ಕಳು ಕೌದಿ ಹೊಲಿದಾರ. ಬಾಗಲಾ ಯಾವತ್ತೂ ಹಾಕಿಲ್ಲ.'

"ಇದನ್ನೂ ಅರ್ಜಿಯೊಳಗ ಬರದಿದ್ರೇನ್ರಿ ಕಾಕಾ?"

"ಮಂದಿ ಹೇಳಕೋತ ಹೋದ್ರು, ನಾ ಬರಕೋತ ಹೋದೆ. ಅರ್ಜಿ ಉದ್ದ ಆದ್ರ ಯಾರೂ ಓದಂಗಿಲ್ಲಂತ ಪ್ರಿಂಟ್ ತಗಿಯುವಾಗ ಆ ಸಾಲು ಬಿಟ್ಟೆ. ಅಳಸಾಕ ಮಾತ್ರ ಮನಸ್ಸಾಗಲಿಲ್ಲ." ಹೊದಿಕೆ ಮಡಚುತ್ತ ಹೇಳಿದರು: "ಈಗ ಅಳಿಸಿಬಿಡು. ನಿನಗ ಜಾಗಾ ಬೇಕಲ್ಲ."

"ನನ್ನ ದಡಿಗೋಳು ಒಂದ ಮೂಲ್ಯಾಗ ಕುಂಡ್ರತಾವ್ರಿ. ಇವೂ ಇರಲಿ. ನೀವು ಹೂಂ ಅಂದ್ರ ಪ್ರಿಂಟ್ ತಗೀತೀನಿ."

ಅಂದಾನೆಪ್ಪ ಸ್ಕ್ರೂ ಬಿಚ್ಚಿ ಡಿಸ್ಕನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ಐನೂರು ರೂಪಾಯಿ ಇಸಿದುಕೊಂಡು, ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಪ್ರಿಂಟಿನ್ಯಾಗ ಅಕ್ಷರ ದೊಡ್ಡೂ ಮಾಡಿ ತಗಿ. ಕಣ್ಣು ಮೊದಲಿನಂಗ ಇಲ್ಲ" ಅಂದರು.

ಮನೆಯಲ್ಲಿ ಅಂಜನಾ ಡಿಸ್ಕ್ ಜೋಡಿಸಿ, ಅದರ ಮೇಲೆ ಅಚ್ಚಾಗಿದ್ದ ಅಳತೆಯ ಅಂಕಿಗಳನ್ನು ಮಶೀನಿನ ಸೆಟಪ್ಪಿನಲ್ಲಿ ಒಂದೊಂದಾಗಿ ತುಂಬಿ ಚಾಲೂ ಮಾಡಿದಳು. ಮೂರನೇ ಸಲಕ್ಕೆ ಅದು ಡಿಸ್ಕನ್ನು ಗುರುತು ಹಿಡಿಯಿತು. ಹನ್ನೊಂದರಲ್ಲಿ ಒಂಬತ್ತು ಫ್ಲಾಪಿ ತೆರೆದವು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಾನು ಬರೆದ ನವಿಲುಗಳ ಸಾಲು ನೋಡಿ, ಕೊರಳು ಇಷ್ಟು ಉದ್ದ ಯಾಕೆ ಬರೆದೆನೋ ಎಂದು ಒಬ್ಬಳೇ ನಕ್ಕಳು. ಉಳಿದ ಎರಡು ಫ್ಲಾಪಿಗೆ ಬೂಸು ಹಿಡಿದಿತ್ತು, ಅವನ್ನು ಕೈಬಿಟ್ಟಳು. ಬಟ್ಟೆ ವ್ಯಾಪಾರಿಗಳು ಬಿಲ್ಲಿಗೆ ಇನ್ನೂ ಅವಳಲ್ಲಿದ್ದಂಥ ಹಳೇ ಪ್ರಿಂಟರನ್ನೇ ಬಳಸುತ್ತಿದ್ದುದರಿಂದ ಅದರ ರಿಬ್ಬನ್ನು ಪೇಟೆಯಲ್ಲೇ ಸಿಕ್ಕಿತು. ಎರಡು ದಿನ ಅರ್ಜಿಗಳನ್ನು ಅಚ್ಚು ಹಾಕುತ್ತ ಪ್ರಿಂಟರು ಕಿರ್ರೆನ್ನುತ್ತಲೇ ಇತ್ತು.

ಮುಂದಿನ ರವಿವಾರ ಅಂಜನಾ, ಅಂದಾನೆಪ್ಪ ಇಬ್ಬರೂ ಆ ಹಾಳೆಗಳನ್ನು ಹಿಡಿದು, ಮುಳುಗಿದ ಊರಿನವರಿಗೆ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರಕ್ಕೆ ಹೋದರು. ಮಾದೇವಿ ಎಂಬ ಅಜ್ಜಿಯ ಮನೆಯ ಮುಂದೆ ಹತ್ತಾರು ಜನ ಸೇರಿದರು. ಅಂದಾನೆಪ್ಪ ಒಂದೊಂದೇ ಹಾಳೆ ಓದಿದರು. ಗಂಟಲು ಒಣಗಿ ಎರಡು ಸಲ ನೀರು ಕುಡಿದರು. ತನ್ನ ಮನೆಯ ಹಾಳೆ ಬಂದಾಗ ಮಾದೇವಿ ಕೈ ಎತ್ತಿ ತಡೆದಳು.

"ಏನಂತ ಓದಿದಿ? 'ಅತ್ತಿ ಸೊಸಿ ಎಂದೂ ಜಗಳಾಡಿಲ್ಲ' ಅಂತನ?"

"ನೀನಽ ಬರಸೀದಿ ಅಲ್ಲವಾ!"

"ಆವಾಗ ಅತ್ತಿ ಬಾಜೂಕ ಕುಂತಿದ್ಲೋ ಯಪ್ಪಾ! ದಿನಾ ಆಡತಿದ್ವಿ. ಖರೇ ಬರಿ ಈಗರೆ."

ಜನರೆಲ್ಲ ಹೋ ಎಂದು ನಕ್ಕರು. ಅಂದಾನೆಪ್ಪ ಕಿಸೆಯಿಂದ ಪೆನ್ನು ತೆಗೆದು, ಆ ಸಾಲು ಹೊಡೆದುಹಾಕಿ, "ಹೇಳು" ಅಂದರು.