ಹೊತ್ತು ಮುಳುಗಿದ ಮೇಲಿನ ಅರೆಸ್ಟು

ರಂಜಾನ್ ತಿಂಗಳ ಗುರುವಾರ. ರೋಜಾ ಬಿಡಲು ಇನ್ನು ಕಾಲು ತಾಸಿದೆ ಎನ್ನುವಾಗ ಮಸ್ಕಿಯ ರಮಜಾನಬಿಯ ಮನೆ ಮುಂದೆ ಪೊಲೀಸ್ ಜೀಪು ಬಂದು ನಿಂತಿತು. ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಹಸಿದ ಹೊಟ್ಟೆಗೆ ಹೊತ್ತು ಕಳೆಯಲು ಇದಕ್ಕಿಂತ ಒಳ್ಳೆಯ ತಮಾಷೆ ಸಿಕ್ಕೀತೆ?

ಇಳಿದವನು ಎ.ಎಸ್.ಐ. ಹುಸೇನಪ್ಪ. ಪಕ್ಕದ ಮನೆಯ ಬಾಬುಸಾಬ್ ತನ್ನ ನೀರಿನ ಮೋಟರನ್ನು ರಮಜಾನಬಿಯೇ ಕದ್ದಿದ್ದಾಳೆಂದು ದೂರು ಕೊಟ್ಟಿದ್ದ. ಇಬ್ಬರ ನಡುವೆ ಗೋಡೆಯ ಜಗಳ ಎರಡು ವರ್ಷದ್ದು. ಮೋಟರು ಬರೀ ನೆಪ.

"ನಡೀರಿ ಅಕ್ಕಾ, ಅರೆಸ್ಟ್ ಮಾಡಬೇಕು."

"ವಾರಂಟ್ ತಂದೀರೇನ್ರೀ?"

"ಕಳ್ಳತನದ ಕೇಸಿಗೆ ವಾರಂಟ್ ಬೇಕಾಗಂಗಿಲ್ಲ. ಕಾನೂನು ನನಗ ಕಲಸಬ್ಯಾಡ್ರಿ."

ಆ ಮಾತೇನೋ ನಿಜವೇ. ರಮಜಾನಬಿ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಒಂದು ರಾತ್ರಿ ಠಾಣೆಯಲ್ಲಿ ಕಳೆದರೆ ಸಾಕು, ಕಳ್ಳಿಯ ಕೈಯ ಅನ್ನ ನಮ್ಮ ಮಕ್ಕಳಿಗೆ ಬೇಡವೆಂದು ಊರೇ ಸೌಟು ಕಸಿದುಕೊಳ್ಳುತ್ತದೆ. ಆಮೇಲೆ ಮೋಟರು ಸಿಕ್ಕರೆಷ್ಟು, ಬಿಟ್ಟರೆಷ್ಟು?

ಹುಸೇನಪ್ಪನಿಗೂ ಒಂದು ತೊಡಕಿತ್ತು. ಹೆಣ್ಣುಮಗಳನ್ನು ಕರೆದೊಯ್ಯಲು ಮಹಿಳಾ ಪೇದೆ ಬೇಕು. ಲಿಂಗಸುಗೂರಿಗೆ ಬಂದೋಬಸ್ತಿಗೆ ಹೋಗಿದ್ದ ಸುರೇಖಾ ಇನ್ನೂ ಬಸ್ಸಿನಲ್ಲಿದ್ದಳು. ಕಟ್ಟೆಯ ಮೇಲೆ ಕೂತು ಕಾದ. ಪಾಪ, ತುಟಿ ಒಣಗಿತ್ತು. ಮನೆದೇವರು ಅಮರೇಶ್ವರನಾದರೂ ಅವನ ಹೆಸರು ಪೀರಸಾಹೇಬರ ಹರಕೆಯದು. ರಂಜಾನಿನ ಗುರುವಾರಗಳಂದು ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ರೋಜಾ ಹಿಡಿಯುತ್ತಾರೆ. ಊರಿಗೆಲ್ಲ ಗೊತ್ತಿದ್ದ ಸಂಗತಿ.

ಮಸೀದಿಯ ಸೈರನ್ ಕೂಗಿತು. ರಮಜಾನಬಿ ತಟ್ಟೆ ತಂದು ಮುಂದಿಟ್ಟಳು. ಹಿಡಿದೊಯ್ಯಲು ಬಂದವನಾದರೇನು, ರೋಜಾ ಇದ್ದವನು ಮನೆ ಬಾಗಿಲಲ್ಲಿ ಹಸಿದು ಕೂರಬಾರದು. ಹುಸೇನಪ್ಪ ಬಿಸ್ಮಿಲ್ಲಾ ಎಂದು ಖರ್ಜೂರ ಬಾಯಿಗಿಟ್ಟ, ನೀರು ಕುಡಿದ, ಎರಡು ಮಿರ್ಚಿ ಭಜಿಯನ್ನೂ ಮುಗಿಸಿದ. ಅಷ್ಟರಲ್ಲಿ ಸುರೇಖಾ ಏದುಸಿರು ಬಿಡುತ್ತ ಬಂದಳು.

"ಹಾಂ, ಈಗ ಏಳ್ರಿ ಅಕ್ಕಾ."

ರಮಜಾನಬಿ ಏಳಲಿಲ್ಲ. ಸಿಂಧನೂರಿನ ವಕೀಲಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೇಳಿದ್ದ ಮಾತು ಸರಿಯಾದ ಹೊತ್ತಿಗೆ ನೆನಪಾಗಿತ್ತು.

"ಸಾಹೇಬ್ರ, ಹೊತ್ತು ಮುಳುಗಿದ ಮ್ಯಾಲೆ ಹೆಣಮಕ್ಕಳನ್ನ ಅರೆಸ್ಟ್ ಮಾಡಂಗಿಲ್ಲಲ್ರಿ. ಮ್ಯಾಜಿಸ್ಟ್ರೇಟರ ಪರವಾನಗಿ ಐತೇನು?"

"ಎಲ್ಲಿ ಮುಳುಗೇತಿ? ಇನ್ನಾ ಬೆಳಕೈತಿ ನೋಡ್ರಿ!"

"ಮುಳುಗಿಲ್ಲಂದ್ರ ನಿಮ್ಮ ರೋಜಾ ಕೆಟ್ಟಂಗಾತಲ್ರಿ. ಅಜ್ಜನ ಕಾಲದ ಹರಕಿ. ಯಾವುದಾರ ಒಂದು ಹೇಳ್ರಿ."

ಹುಸೇನಪ್ಪ ಹೊತ್ತು ಮುಳುಗುವ ಗುಡ್ಡದ ಕಡೆ ನೋಡಿದ, ತಟ್ಟೆಯಲ್ಲಿದ್ದ ಖರ್ಜೂರದ ಬೀಜ ನೋಡಿದ. ಸುರೇಖಾ ಮುಖ ಆ ಕಡೆ ತಿರುಗಿಸಿ ನಕ್ಕಳು.

"ಮುಳುಗೇತ್ರಿ," ಎಂದ ಕೊನೆಗೆ. ಜೀಪಿನಿಂದ ಕಾಗದ ತರಿಸಿ ನೋಟಿಸು ಬರೆದ: ನಾಳೆ ಹತ್ತು ಗಂಟೆಗೆ ಠಾಣೆಗೆ ಬಂದು ಹೇಳಿಕೆ ಕೊಡತಕ್ಕದ್ದು. "ಖರೇ ಅಂದ್ರ ಮೊದಲ ಇದನ್ನ ಕೊಡಬೇಕಿತ್ತು ಅಕ್ಕಾ," ಎಂದು ತಲೆ ತಗ್ಗಿಸಿದ.

ಜೀಪು ಹೋದ ಮೇಲೆ ರಮಜಾನಬಿ ಹೊಸ್ತಿಲಲ್ಲೇ ಕುಸಿದು ಮನಸಾರೆ ಅತ್ತಳು. ಮರುದಿನ ಒಗೆದ ಸೀರೆ ಉಟ್ಟು, ಓಣಿಯವರೆಲ್ಲ ನೋಡುವಂತೆ ನಡುರಸ್ತೆಯಲ್ಲಿ ನಡೆದುಕೊಂಡೇ ಠಾಣೆಗೆ ಹೋದಳು. ಹನ್ನೊಂದೂವರೆಗೆ ಶಾಲೆಯಲ್ಲಿ ಆಕೆಯ ಬೇಳೆ ಕುದಿಯುತ್ತಿತ್ತು.