ಅಳಿಯ ಮಾಡಿದ ಜಾಗ

ನನ್ನ ಗಂಡ ಉಚ್ಚೆಂಗೆಪ್ಪ ನಲವತ್ತು ವರ್ಷದಲ್ಲಿ ನನ್ನ ಜೊತೆ ನಲವತ್ತು ಮಾತು ಆಡಿರಲಿಕ್ಕಿಲ್ಲ. ಸಾಯುವ ಹಿಂದಿನ ವರ್ಷ ಹಂಪಿಯ ಹೊಳೆದಂಡೆಯಲ್ಲಿ ಹರಿಗೋಲು ಹೆಣೆಯುವಾಗ ಮಗಳು ಗಂಗೋತ್ರಿ ಫೋನು ಹಿಡಿದಳು ನೋಡಿ, ನಾಲ್ಕು ನಿಮಿಷ ಬಾಯಿ ಮುಚ್ಚಲಿಲ್ಲ. ಆಮೇಲೆ ಆ ಫೋನು ಕಾಲುವೆಗೆ ಬಿತ್ತು. ಮೊದಲೇ ಇಳಿಸಿಕೊಂಡಿದ್ದ ವಿಡಿಯೊ ಉಳಿದದ್ದು ಹೊಸಪೇಟೆಯಲ್ಲಿ, ಅಳಿಯನ ಹಳೇ ಕಂಪ್ಯೂಟರಿನಲ್ಲಿ. ಅದು ಕೆಡುವ ಮೊದಲೇ ಇನ್ನೊಂದು ಕಡೆ ತೆಗೆದಿಡಿ ಎಂದವಳು ನಾನೇ.

ಅಳಿಯ ಲಿಂಗರಾಜ್ ಸಂಡೂರಿನ ಗಣಿ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಬ್ಯಾಕಪ್ ಮಾಡುವ ಪ್ರೋಗ್ರಾಮು ಪುಕ್ಕಟೆ ಸಿಗುತ್ತದಂತೆ. ಸಿದ್ಧವಾದದ್ದು ಬೇಡ, ಮೂಲ ಕೋಡ್ ತಂದು ಮನೆಯಲ್ಲೇ ಕಂಪೈಲ್ ಮಾಡುತ್ತೇನೆಂದು ಭಾನುವಾರ ಬೆಳಿಗ್ಗೆ ಕೂತ.

"ಅಂಗಡ್ಯಾಗ ರೊಟ್ಟಿ ಇದ್ರೂ ಜ್ವಾಳ ಬಿತ್ತಾಕ ಹೊಂಟಾರ ನಿನ್ನ ಗಂಡ" ಎಂದೆ ಮಗಳಿಗೆ. ಅಳಿಯನನ್ನು ನೇರ ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಅವನು ಒಂದು ಮೊಳ ದೂರದಲ್ಲೇ ಇದ್ದ.

"ನಾವ ಕಟ್ಟಿದ್ರ ಒಳಗ ಏನೈತಂತ ಗೊತ್ತಿರತೈತ್ರಿ ಅತ್ತಿ."

ಮೊದಲು ಆಫೀಸಿನವರು ಬಿಸಾಡಿದ ಕಂಪ್ಯೂಟರ್ ಡಬ್ಬಿಯಲ್ಲಿ, ಲಿನಕ್ಸ್ ಎಂಬುದರ ಮೇಲೆ ಕಟ್ಟಲು ನೋಡಿದ. ಎಂಟು ಜಿಬಿ ಮೆಮೊರಿ ಬೇಕಿತ್ತಂತೆ, ಇದ್ದದ್ದು ಎರಡು. ಅರ್ಧಕ್ಕೆ ಉಸಿರು ನಿಲ್ಲಿಸಿತು. ಆಮೇಲೆ ಮಗಳ ಮ್ಯಾಕ್ ಕಂಪ್ಯೂಟರು. ಅದರ ಸಿಸ್ಟಮ್ ಹಳೇದು, ಹೊಸದು ಹಾಕದೆ ಮುಟ್ಟಬೇಡ ಎಂದಿತು.

"ಏನೇನು ಬೇಕಂತ ಮೊದ್ಲ ಓದಾಕ ಬರಲ್ಲೇನು ಇವ್ರಿಗೆ? ನಾನು ಮೂರನೇ ಇಯತ್ತೆ ಫೇಲು, ಒಲಿ ಹಚ್ಚೂಕಿಂತ ಮುಂಚೆ ಹಿಟ್ಟು ನೋಡತೀನಿ."

ಗಂಗೋತ್ರಿ ನಕ್ಕಳು. ಅಳಿಯ ಹಲ್ಲು ಕಡಿದು ತನ್ನ ಹಳೇ ಕಂಪ್ಯೂಟರಿಗೇ ಬಂದ. ಅದರ ವಿಂಡೋಸಿನಲ್ಲಿ ಕಟ್ಟಲು ಮೂವತ್ತು ಜಿಬಿ ಜಾಗ ಖಾಲಿ ಬೇಕಂತೆ. ಜಾಗ ಮಾಡಿದ. ಸಂಜೆ ನಾಲ್ಕಕ್ಕೆ ಪ್ರೋಗ್ರಾಮು ಎದ್ದು ನಿಂತಿತು. ಅವನ ಮುಖ ಹಂಪಿಯ ಆನೆಲಾಯದ ಬಾಗಿಲಷ್ಟು ಅಗಲವಾಯಿತು.

"ಈಗ ಹೇಳು, ಮಾವನ ವಿಡಿಯೊ ಎಲ್ಲೈತಿ?" ಎಂದ ಹೆಂಡತಿಗೆ.

"ಅಲ್ಲೇ ಐತ್ರಿ. 'ಹಳೇ ಫೋನ್' ಅಂತ ಫೋಲ್ಡರ್ ಇತ್ತಲ್ರಿ."

ಅವನ ಮುಖದ ಬಾಗಿಲು ಮುಚ್ಚಿತು. "ಅದನ್ನ... ಬ್ಯಾಡಾದ್ದು ಅಂತ ತಿಳದು, ಜಾಗಕ್ಕ..."

ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ತೊಳೆದಿಟ್ಟಿದ್ದ. ಖಾಲಿ ಜಾಗದ ಮೇಲೆ ಹೊಸ ಸಾಮಾನು ಬಂದು ಕೂತಿತ್ತು. ಒಂದು ತಾಸು ಕೆದಕಿದರೂ ವಿಡಿಯೊ ಸಿಗಲಿಲ್ಲ.

"ಅಕ್ಕಿ ಇಡಾಕ ಕಣಜ ಕಟ್ಟಬೇಕಂತ ಅಕ್ಕೀನ ಚೆಲ್ಲ್ಯಾರ" ಎಂದೆ. ಯಾರೂ ನಗಲಿಲ್ಲ. ನನಗೂ ಆಗಲಿಲ್ಲ.

ಕಂಪ್ಲಿಯ ಮೈದುನ ತಾಯಪ್ಪನ ನೆನಪಾಯಿತು. ಹರಿಗೋಲು ಹೆಣೆಯುವುದರಲ್ಲಿ ಅಣ್ಣನಿಗಿಂತ ತಾನೇ ಮೇಲೆಂದು ಮೆರೆಯುತ್ತಿದ್ದ. ಅವನ ಹೊಟ್ಟೆ ಉರಿಸಲೆಂದು ಆಗ ಆ ವಿಡಿಯೊ ಮಗಳ ಕೈಲಿ ಅವನ ಫೋನಿಗೆ ಕಳಿಸಿದ್ದೆ. ಫೋನು ಹಚ್ಚಿಸಿ ಕೇಳಿದೆ.

"ಐತಿ ವೈನಿ. ಅಳಸೋದು ನನಗೆಲ್ಲಿ ಬರತೈತಿ?"

ವಿಡಿಯೊ ಮಗಳ ಫೋನಿಗೆ ಬಂತು, ಕಂಪ್ಯೂಟರಿನಲ್ಲಿ ಹಚ್ಚಿದಳು. ಚಿತ್ರ ಮಂಜುಮಂಜು, ಗಂಡನ ಮುಖ ನೆನೆಸಿದ ಅವಲಕ್ಕಿಯಂತೆ. ದನಿ ಮಾತ್ರ ಸ್ವಚ್ಛ: "ಬಿದಿರು ಬಾಗಿಸೂವಾಗ ಅವಸರ ಮಾಡಬಾರ್ದು. ನಿಮ್ಮವ್ವಗ ಹೇಳು, ಅಕಿಗಿ ಎಲ್ಲದ್ರಾಗೂ ಅವಸರ."

ಅಳಿಯ ಮೆಲ್ಲಗೆ ಮೌಸಿನ ಕಡೆ ಕೈ ಚಾಚಿದ. "ಇದನ್ನಾರ ಬ್ಯಾಕಪ್..."

"ಗಂಗೋತ್ರಿ, ನಿನ್ನ ಗಂಡನ ಕೈ ಹಿಡಕೊ" ಎಂದೆ. "ನಾ ಇನ್ನೊಂದ್ಸಲ ಕೇಳಬೇಕು."