ಹಿಡಿದಿಟ್ಟ ಲೈನು

ಸ್ಕ್ರೂ ಸಡಿಲವಾದಂತೆಲ್ಲ ಸುಣ್ಣದ ಪುಡಿ ಕಣ್ಣಿಗೇ ಉದುರುತ್ತಿದೆ, ಉದುರಲಿ, ಭಾವನ ಗೋಡೆ, ಭಾವನ ಸುಣ್ಣ, ಭಾವನ ಈ ಅಲಾರಂ ಪೆಟ್ಟಿಗೆ, ಎಷ್ಟು ಅಂದವಾಗಿ ಕೂರಿಸಿದ್ದಾನೆ ಮಹಾರಾಯ, ಕಳ್ಳರ ಕಾಟ ಕಣಮ್ಮ, ನಿಮ್ಮಕ್ಕ ಒಬ್ಬಳೇ ಇರ್ತಾಳಲ್ಲ ಅಂದಿದ್ದ, ಇಂಥವನ್ನೇ ಊರ ಗೋಡೆಗಳಿಗೆಲ್ಲ ಜಡಿಯುವ ಕೆಲಸ ನನ್ನದು, ಆದರೂ ನಂಬಿದೆ — ಅಕ್ಕ ಕೆಳಗೆ ಏಣಿ ಹಿಡಿದಿದ್ದಾಳೆ, ಎಡಗೈಯಲ್ಲಿ ಮಾತ್ರ, ಬಲ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ, ಮೆಟ್ಟಿಲಿಂದ ಬಿದ್ದಳು ಅಂತ ಆಸ್ಪತ್ರೆಯಲ್ಲಿ ಹೇಳಿದವನೂ ಅವನೇ. ಬೀದಿಯ ಲೈನು ಮೊದಲು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಫೋನಿಗೆ, ಬಾಗಿಲು ತೆರೆದರೆ ಸಾಕು, ಪೆಟ್ಟಿಗೆ ಫೋನನ್ನು ಆಚೆ ನೂಕಿ ಲೈನು ಕಸಿದುಕೊಳ್ಳುತ್ತದೆ, ಎಲ್ಲರ ಮನೆಯಲ್ಲೂ ಹಾಗೇ, ಕಳ್ಳ ರಿಸೀವರ್ ಎತ್ತಿಟ್ಟರೂ ಸುದ್ದಿ ಹೋಗಲೆಂದು, ಆದರೆ ಎಲ್ಲರ ಪೆಟ್ಟಿಗೆ ಕರೆಯುವುದು ಕಾವಲು ಕಚೇರಿಯನ್ನು, ಇವನದು ಇವನ ಅಂಗಡಿಯನ್ನು. ಅವತ್ತು ಅಕ್ಕ ಫೋನಿನಲ್ಲಿ, ಮರಿ, ಬಾರೇ, ಇನ್ನು ಆಗಲ್ಲ ನನ್ನ ಕೈಲಿ, ಬಾಗಿಲು ತೆಗೀತಿದೀನಿ, ನೀನು ಬೇಗ — ಟಕ್, ಅಷ್ಟೇ, ಸತ್ತ ಲೈನಿಗೆ ಅಕ್ಕಾ ಅಕ್ಕಾ ಎಂದು ಬಡಕೊಂಡೆ, ಓಡಿದೆ, ನನಗಿಂತ ಮೊದಲು ಅವನು ತಲುಪಿದ್ದ.

ಈ ಸಲ ಅವನು ಮನೆಯಲ್ಲಿದ್ದಾಗಲೇ ನಿನ್ನೆ ಬಂದು ಉಳಿದೆ, ಅವನು ಅಂಗಡಿಗೆ ಹೋದ, ಸೈರನ್ನಿನ ಬಾಯಿ ಮುಚ್ಚಿಸಿದ್ದಾಯಿತು, ಈಗ ವೈರು, ಇದು ಅತ್ತ, ಅದು ಇತ್ತ, ಇನ್ನು ಫೋನು ಮುಂದೆ, ಪೆಟ್ಟಿಗೆ ಹಿಂದೆ, ರಿಸೀವರ್ ಎತ್ತಿಟ್ಟರೆ ಇದಕ್ಕೆ ಲೈನೇ ಸಿಗದು, ಕಿತ್ತೆಸೆಯಬಹುದಿತ್ತು, ಬೇಡ, ಅವನ ಗೋಡೆಯ ಮೇಲೇ ಮೂಕವಾಗಿ ಕೂತಿರಲಿ, ಬಂದು ನೋಡಲಿ, ಸಾಲದು, ಇಷ್ಟು ಸಾಲದು, ಅವನ ಮಣಿಕಟ್ಟನ್ನೂ ಇದೇ ಬಾಗಿಲ ಸಂದಿಗೆ ಕೊಟ್ಟು — ಅಕ್ಕ, ಟ್ಯಾಕ್ಸಿ ಬಂತು, ರಿಸೀವರ್ ತೆಗೆದು ಪಕ್ಕಕ್ಕಿಡು, ಸಾಕು. ಇಡುವುದಿಲ್ಲ ಅವಳು, ಸೊಟ್ಟ ಕೈಯಲ್ಲೇ ನಂಬರು ಒತ್ತುತ್ತಿದ್ದಾಳೆ, ಏನೇ ಮಾಡ್ತಿದೀಯ, ಹುಚ್ಚಾ ನಿಂಗೆ ಅಂದೆ, ಅವಳು ಭಾವನ ಅಂಗಡಿಗೆ, ರೀ, ನಾನೇ, ಬಾಗಿಲು ತೆಗೀತಿದೀನಿ, ಕೇಳಿಸ್ತಾ, ನಾನೇ ತೆಗೀತಿದೀನಿ — ಆಮೇಲೆ ನನಗೆ ಹೊಳೆಯಿತು, ಕರೆ ಮಾಡಿದವರು ಇಡುವ ತನಕ ಈ ಹಳೇ ಎಕ್ಸ್‌ಚೇಂಜು ಲೈನು ಬಿಡುವುದಿಲ್ಲ, ಅವನು ಎಷ್ಟೇ ಕುಕ್ಕಲಿ ಅಂಗಡಿಯ ಫೋನು ಈಗ ಅಕ್ಕನ ಹಿಡಿತದಲ್ಲಿ, ಇಲ್ಲಿ ಎದುರುಮನೆಯಲ್ಲೇ ಇರುವ ತನ್ನ ತಮ್ಮನಿಗೆ ಫೋನು ಮಾಡಿ ಅವಳನ್ನ ತಡಿಯೋ ಎನ್ನಲಾರ, ಯಾರಿಗೂ ಏನೂ ಎನ್ನಲಾರ, ಓಡಿ ಬರಲಿ, ಅಷ್ಟರಲ್ಲಿ ನಾವು ಸೇತುವೆ ದಾಟಿರುತ್ತೇವೆ, ಅಯ್ಯೋ ನನ್ನಕ್ಕ, ನಾನು ಇಷ್ಟು ದಿನ ಹಲ್ಲು ಕಡಿದು ಹುಡುಕಿದ್ದನ್ನು ನೀನು ಒಂದು ಬೆರಳಲ್ಲಿ. ಅವಳು ನಗಲಿಲ್ಲ, ರಿಸೀವರನ್ನು ಹಾಗೇ ಕೈಬಿಟ್ಟಳು, ಬಾಗಿಲು ತೆರೆದಳು, ಪೆಟ್ಟಿಗೆ ತೆಪ್ಪಗಿದೆ, ಬಿಸಿಲು ಹೊಸ್ತಿಲು ದಾಟಿ ಒಳಗೆ, ನಾನು ಇನ್ನೂ ಏಣಿಯ ಮೇಲೆ, ಇಳಿ ಮರಿ, ಇಳೀತೀನಿ, ಕಣ್ಣು ಕೀಳಲಾಗುತ್ತಿಲ್ಲ, ಸುರುಳಿ ವೈರಿನ ತುದಿಯಲ್ಲಿ ರಿಸೀವರ್, ಗೋಡೆಗೆ ಬಡಿದು, ತಿರುಗಿ, ಮತ್ತೆ ಬಡಿದು, ಅದರೊಳಗಿಂದ ಸೊಳ್ಳೆಯಷ್ಟು ಸಣ್ಣಗೆ ಭಾವ, ಎಲ್ಲಿದೀಯೇ, ಬಡಿದು, ತಿರುಗಿ, ಎಲ್ಲಿದೀಯೇ, ಬಡಿದು